ಪರದೆಯ ಮೇಲಿನ ಡಾಕ್ಟರು ಮತ್ತು ಬುಧವಾರದ ಸಭೆ

ದೂರಚಿಕಿತ್ಸೆ ಯೋಜನೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ, ಬುಧವಾರದ ಸಭೆಗಳ ಅಧ್ಯಕ್ಷರೇ,

ನಿಮ್ಮ ಯೋಜನೆ ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ಯಂತ್ರ ಕೆಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ; ಕೆಟ್ಟ ಯಂತ್ರಗಳ ಜೊತೆ ಬಾಳುವುದು ನಮ್ಮ ಕಡೆಯವರಿಗೆ ರೂಢಿಯಾಗಿದೆ. ಆದರೆ ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಯಲ್ಲಿ ನೀವು ಕೂರಿಸಿದ ಆ ದೊಡ್ಡ ಪರದೆ, ಕ್ಯಾಮೆರಾ, ಮೈಕು ಎಲ್ಲವೂ ಹೊಸ ಮದುಮಗನ ಹಾಗೆ ಸಿದ್ಧವಾಗಿವೆ. ದೂರದ ದೊಡ್ಡ ಆಸ್ಪತ್ರೆಯ ಮಕ್ಕಳ ತಜ್ಞರು ಬುಧವಾರ ಮುಂಜಾನೆ ಆ ಪರದೆಯ ಮೇಲೆ ಬಂದು ನಮ್ಮ ಮಕ್ಕಳನ್ನು ನೋಡಬೇಕೆಂಬುದು ನಿಮ್ಮದೇ ಆದೇಶ. ಅದೇ ಬುಧವಾರ ಮುಂಜಾನೆ, ಅದೇ ಪರದೆಯ ಮೇಲೆ, ತಾವು ಬಂದು ಕೂರುತ್ತೀರಿ. ಯಾತಕ್ಕೆ? ಈ ಯೋಜನೆಯಿಂದ ಎಷ್ಟು ಮಕ್ಕಳಿಗೆ ಅನುಕೂಲವಾಯಿತು ಎಂದು ಪ್ರಗತಿ ಪರಿಶೀಲಿಸಲಿಕ್ಕೆ. ನೀವು ಒಳಗೆ ಪರಿಶೀಲಿಸುತ್ತಿರುವಾಗ ಆ ಮಕ್ಕಳು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಬಾಗಿಲು ತೆರೆದು ಒಮ್ಮೆ ಇಣುಕಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತಿತ್ತು.

ನಾನು ವಿದ್ಯಾ. ಬೆಲ್ಲದ ಬಾಗೇವಾಡಿಯಲ್ಲಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರವರ ಅರ್ಜಿಗಳನ್ನೆಲ್ಲ ಟೈಪ್ ಮಾಡುವವಳು ನಾನೇ ಆದ್ದರಿಂದ ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿ’ ಎಂಬ ಸಾಲನ್ನು ಕೀಲಿಮಣೆ ನೋಡದೆ ಹೊಡೆಯಬಲ್ಲೆ. ಆಸ್ಪತ್ರೆಯ ಹೆಸರನ್ನು ಬೇಕೆಂತಲೇ ಬಿಟ್ಟಿದ್ದೇನೆ. ಹೆಸರು ಬರೆದರೆ ನಿಮ್ಮ ಸೂಕ್ತ ಕ್ರಮ ಅಲ್ಲಿನ ಸಣ್ಣ ನೌಕರರ ಮೇಲೆ ಬೀಳುತ್ತದೆ. ಅಂಥದ್ದೊಂದು ಈಗಾಗಲೇ ಬಿದ್ದಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಗಳ ಹೆಸರು ಮಾಯವ್ವ, ಮನೆಯಲ್ಲಿ ಮಾಯಿ. ನನ್ನ ಮಾವ ಬೀರಸಿದ್ದಪ್ಪನವರು ತಮ್ಮ ತಾಯಿಯ ಹೆಸರನ್ನೇ ಇಡಿಸಿದರು. ಎರಡನೆಯ ಇಯತ್ತೆಯಲ್ಲಿ ಓದುತ್ತಾಳೆ. ಹೋದ ವರ್ಷ ಅವಳಿಗೆ ಒಂದು ವಿಚಿತ್ರ ಶುರುವಾಯಿತು. ಮಾತಾಡುತ್ತ ಮಾತಾಡುತ್ತ ನಡುವೆ ನಿಂತುಬಿಡುತ್ತಿದ್ದಳು. ರೊಟ್ಟಿಯ ತುತ್ತು ಬಾಯಿಯ ಹತ್ತಿರ, ಕಣ್ಣು ಎಲ್ಲೋ ಮೇಲೆ, ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಕರೆದರೆ ಓ ಅನ್ನುತ್ತಿರಲಿಲ್ಲ. ಉಸಿರು ಬಿಡುವಷ್ಟರಲ್ಲಿ ಮತ್ತೆ ಮೊದಲಿನಂತೆ, ಬಿಟ್ಟ ಮಾತನ್ನು ಹಿಡಿದುಕೊಂಡು ಮುಂದುವರಿಸುತ್ತಿದ್ದಳು. ನಡುವೆ ತಾನು ಇರಲಿಲ್ಲ ಎಂಬುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಸಾಲಿಯ ಮಾಸ್ತರರು ಪಾಠದ ಕಡೆ ಲಕ್ಷ್ಯ ಇಲ್ಲ ಅಂದರು. ಗೋಕಾಕದಲ್ಲಿ ಒಬ್ಬರು ಅಶಕ್ತತನ ಎಂದು ಟಾನಿಕ್ ಬರೆದುಕೊಟ್ಟರು. ಸಂಕೇಶ್ವರದಲ್ಲಿ ಇನ್ನೊಬ್ಬರು ಹೊಟ್ಟೆಯ ಹುಳ ಅಂದರು. ಅತ್ತೆ ಸತ್ತೆವ್ವ ಮಾಯಕ್ಕ ದೇವಿಗೆ ಹರಕೆ ಹೊತ್ತರು. ಕೊಲ್ಹಾಪುರಕ್ಕೆ ಒಯ್ಯಿರಿ ಎಂದವರೂ ಇದ್ದರು, ಒಯ್ದೆವು. ದಾರಿಯುದ್ದಕ್ಕೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮಗು ಡಾಕ್ಟರ ಮುಂದೆ ಕೂತಾಗ ಒಂದು ಸಲವೂ ಹಾಗೆ ನಿಲ್ಲಲಿಲ್ಲ. ಮರಾಠಿಯಲ್ಲಿ ಅವರು ಕೇಳಿದ್ದು ನನಗೆ ಅರ್ಧ ತಿಳಿಯಿತು, ಕನ್ನಡದಲ್ಲಿ ನಾನು ಹೇಳಿದ್ದು ಅವರಿಗೆ ಅಷ್ಟೂ ತಿಳಿಯಲಿಲ್ಲ. ಹುಡುಗಿ ಆರಾಮ ಇದ್ದಾಳೆಂದು ತಿರುಗಿ ಕಳಿಸಿದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಸ್ತಿಲಲ್ಲೇ ನಿಂತುಬಿಟ್ಟಳು, ಒಂದು ಕಾಲು ಒಳಗೆ, ಒಂದು ಹೊರಗೆ.

ಇಂಥ ಹೊತ್ತಿನಲ್ಲಿ ತಮ್ಮ ಯೋಜನೆ ಬಂತು. ಉದ್ಘಾಟನೆಯ ದಿನ ನಾವೂ ಹೋಗಿದ್ದೆವು. ಫೋಟೋದಲ್ಲಿ ಗದ್ದಲ ಕಾಣಬಾರದೆಂದು ರೋಗಿಗಳನ್ನೆಲ್ಲ ಆವರಣದ ಆಚೆ ನಿಲ್ಲಿಸಿದ್ದರು. ರಿಬ್ಬನ್ನು ಕತ್ತರಿಸಿದರು, ಭಾಷಣಗಳಾದವು, ಕಟ್ಟಕಡೆಯ ಹಳ್ಳಿಯ ಕಟ್ಟಕಡೆಯ ಮಗುವಿನವರೆಗೆ ತಜ್ಞರ ಸೇವೆ ಮುಟ್ಟಿಸುತ್ತೇವೆ ಎಂದು ತಾವು ಹೇಳಿದಿರಿ. ಕಟ್ಟಕಡೆಯ ಮಗು ಗೇಟಿನ ಹೊರಗೆ ಅಜ್ಜನ ಹೆಗಲ ಮೇಲೆ ಕೂತು ಚಪ್ಪಾಳೆ ಹೊಡೆಯಿತು. ನಮ್ಮ ಜನ ಆ ಕೋಣೆಗೆ ‘ಟಿವಿ ಡಾಕ್ಟರ್’ ಎಂದು ಹೆಸರಿಟ್ಟರು. ನೀವು ಇಟ್ಟ ಹೆಸರು ಉದ್ದ ಇತ್ತು, ಯಾರಿಗೂ ನೆನಪಿಲ್ಲ.

ಮೊದಲ ಬುಧವಾರ ನಮ್ಮ ಸರದಿ ಬಂತು. ಪರದೆಯ ಮೇಲೆ ಕಂಡವರು ಒಬ್ಬ ಹೆಣ್ಣುಮಗಳು, ಮಕ್ಕಳ ನರರೋಗದ ತಜ್ಞೆ. ಮೈಸೂರಿನ ಕಡೆಯ ಕನ್ನಡ. ನಾನು ತಡವರಿಸುತ್ತ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ, “ಅಲ್ಲೊಂದು ಕಾಗದದ ಚೂರು ಇದೆಯಾ? ಮಗು ಮುಂದೆ ಹಿಡೀರಿ” ಅಂದರು. ನಮ್ಮ ಆಸ್ಪತ್ರೆಯ ಡಾಕ್ಟರು ಚೀಟಿಯೊಂದನ್ನು ಹರಿದು ಮಾಯಿಯ ಮುಖದ ಮುಂದೆ ಹಿಡಿದರು.

“ಮಾಯಾ, ಆ ಪೇಪರ್ ಹಾರಬೇಕು. ನಾನು ಸಾಕು ಅನ್ನೋವರೆಗೂ ಊದ್ತಾನೇ ಇರಬೇಕು. ಆಗುತ್ತಾ ಪುಟ್ಟಿ?”

“ಊದತೀನ್ರಿ,” ಅಂದಳು ಮಾಯಿ, ಪರದೆಯೊಳಗಿನ ಹೆಂಗಸಿಗೆ ಸ್ವಲ್ಪವೂ ಅಂಜದೆ. ಊದಿದಳು, ಊದಿದಳು. ಬೀರಸಿದ್ದಪ್ಪನವರು ಕಂಬಳಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಈ ಡಾಕ್ಟರಬಾಯಿ ಯಾಕೆ ಕೂಸನ್ನು ಆಡಿಸುತ್ತಿದ್ದಾರೆ ಎಂಬಂತೆ ನೋಡುತ್ತಿದ್ದರು. ಒಮ್ಮೆಲೆ ಕಾಗದ ಅಲುಗಾಡುವುದು ನಿಂತಿತು. ಮಾಯಿಯ ತುಟಿ ಇನ್ನೂ ಗುಂಡಗಿತ್ತು. ಕಣ್ಣು ಮೇಲೆ ಹೋಗಿತ್ತು.

“ಮಾಯಾ?” ಅಂದರು ತಜ್ಞೆ. ಉತ್ತರವಿಲ್ಲ. “ಮಾಯಾ, ನಿನ್ನ ಹೆಸರೇನು?” ಉತ್ತರವಿಲ್ಲ. ಆಮೇಲೆ ಮಾಯಿ ಕಣ್ಣು ಪಿಳುಕಿಸಿ ಮತ್ತೆ ಊದಲು ಹತ್ತಿದಳು.

“ನೋಡ್ದೆ,” ಅಂದರು ತಜ್ಞೆ. “ಸಾಕು ಪುಟ್ಟಿ, ತುಂಬಾ ಚೆನ್ನಾಗಿ ಊದಿದೆ.” ನನ್ನ ಕಡೆ ತಿರುಗಿ, “ಅಮ್ಮಾ, ಇದೂ ಒಂದು ಥರದ ಫಿಟ್ಸ್. ಕೈಕಾಲು ಬಡಿಯಲ್ಲ, ನೊರೆ ಬರಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಔಷಧಿ ಇದೆ. ಮಗು ದಡ್ಡಿ ಅಲ್ಲ, ಹಟಮಾರಿನೂ ಅಲ್ಲ” ಅಂದರು.

ನಾನು ಅತ್ತುಬಿಟ್ಟೆ. ಮಾವ ಪರದೆಗೇ ಕೈಮುಗಿದರು. ಒಂದು ವರ್ಷ ಊರೂರು ತಿರುಗಿ ಯಾರೂ ನೋಡದೇ ಹೋದದ್ದನ್ನು, ಎಲ್ಲೋ ದೂರದಲ್ಲಿ ಕೂತ ಒಬ್ಬರು ಒಂದು ಚೂರು ಕಾಗದ ಹಿಡಿಸಿ ನೋಡಿದರು. ಮಾನ್ಯರೇ, ಆ ದಿನ ನೀವು ಎದುರಿಗೆ ಸಿಕ್ಕಿದ್ದರೆ ನಿಮ್ಮ ಕಾಲಿಗೂ ಬೀಳುತ್ತಿದ್ದೆವು. ಈಗ ಬೀಳುವುದಿಲ್ಲ, ಗಾಬರಿಯಾಗಬೇಡಿ.

ಬೆಳಗಾವಿಯಲ್ಲಿ ಒಂದು ತಪಾಸಣೆ ಮಾಡಿಸಿಕೊಂಡು ಬಂದೆವು, ರೋಗ ಅದೇ ಎಂದು ಖಾತ್ರಿಯಾಯಿತು. ಔಷಧಿ ಶುರುವಾಯಿತು. ತಜ್ಞೆ ಮೊದಲೇ ಹೇಳಿದ್ದರು: “ಇದು ಕೊಟ್ಟು ಮರೆಯೋ ಔಷಧಿ ಅಲ್ಲ. ನಾನು ಮಗುನ ಮತ್ತೆ ಮತ್ತೆ ನೋಡ್ತಿರಬೇಕು. ಒಗ್ಗದೇ ಇದ್ರೆ ಬದಲಾಯಿಸಬೇಕು.” ನಿಂತುಬಿಡುವುದು ಕಡಿಮೆಯಾಯಿತು, ಖರೆ. ಆದರೆ ಮಾಯಿ ದಿನವಿಡೀ ತೂಕಡಿಸತೊಡಗಿದಳು. ಊಟ ಕಂಡರೆ ಮುಖ ತಿರುಗಿಸುವಳು, ತಿಂದದ್ದು ವಾಂತಿ. ಮತ್ತೆ ತೋರಿಸುವ ಬುಧವಾರ ಬಂತು. ನನ್ನ ಗಂಡ ಅಶೋಕ ಸಂಕೇಶ್ವರದ ಬಿಡಿಭಾಗದ ಅಂಗಡಿಯ ಕೆಲಸ ಬಿಟ್ಟು ಬಂದರು, ಮಾವ ಕುರಿಗಳನ್ನು ಬೇರೆಯವರ ಕಡೆ ಒಪ್ಪಿಸಿ ಬಂದರು, ನಾನು ಅಂಗಡಿ ಮುಚ್ಚಿದೆ. ಕೋಣೆಯ ಬಾಗಿಲು ಹಾಕಿತ್ತು. ಒಳಗೆ ಸಭೆ.

“ಇವತ್ತ ಆಗಂಗಿಲ್ರಿ, ಸಾಹೇಬರ ವಿಡಿಯೋ ಮೀಟಿಂಗ್ ನಡದೈತಿ,” ಅಂದರು ಬಾಗಿಲ ಬಳಿಯ ಸಿಸ್ಟರು.

“ಯಾವ ಮೀಟಿಂಗ್ರಿ?” ಎಂದು ಕೇಳಿದೆ.

ಅವರು ದನಿ ತಗ್ಗಿಸಿ, “ಇದ... ಈ ಟಿವಿ ಡಾಕ್ಟರ್ ಸ್ಕೀಮಿನದ್ರಿ,” ಅಂದರು.

ಮುಂದಿನ ಬುಧವಾರವೂ ಅದೇ. ನಮ್ಮ ಡಾಕ್ಟರು ಒಳ್ಳೆಯವರು, ವಯಸ್ಸು ಸಣ್ಣದು. ಮಗುವಿನ ಹೊಟ್ಟೆ ಮುಟ್ಟಿ ನೋಡಿದರು, ಮುಖ ಸಪ್ಪಗಾಯಿತು. “ಈ ಔಷಧ ನಾ ನನ್ನ ಮನಸ್ಸಿನ್ಯಾಗ ಬಂದಂಗ ಬದಲ ಮಾಡಾಕ ಬರಂಗಿಲ್ರಿ ಅಕ್ಕಾರ. ಮೇಡಮ್ಮಾರ ನೋಡಬೇಕು,” ಅಂದರು. ಹಾಗಾದರೆ ಅವರಿಗೆ ಫೋನ್ ಮಾಡ್ರಿ ಎಂದೆ. ತಲೆ ತಗ್ಗಿಸಿದರು. ತಜ್ಞರನ್ನು ಅಧಿಕೃತ ಪರದೆಯ ಮೂಲಕ ಮಾತ್ರ ಸಂಪರ್ಕಿಸತಕ್ಕದ್ದು, ಸ್ವಂತ ಮೊಬೈಲ್ ಬಳಸತಕ್ಕದ್ದಲ್ಲ ಎಂದು ತಮ್ಮ ಸುತ್ತೋಲೆ ಇದೆಯಂತೆ. ಎಂಥ ದೂರದೃಷ್ಟಿ! ಅಧಿಕೃತ ಪರದೆಯ ಮೇಲೆ ನೀವು ಕೂತಿದ್ದೀರಿ, ಅನಧಿಕೃತ ಫೋನನ್ನು ನೀವೇ ತಡೆದಿದ್ದೀರಿ. ಹಾಗಿದ್ದರೆ ತಜ್ಞರು ಯಾವ ದಾರಿಯಿಂದ ಬರಬೇಕಿತ್ತು?

ನಾವು ತಿರುಗಿ ಬಂದೆವು. ಕೂಸು ಹೀಗೆ ಸೊರಗುವುದನ್ನು ಅತ್ತೆಗೆ ನೋಡಲಾಗಲಿಲ್ಲ. “ಔಷಧಾನ ಇಕಿನ ತಿನ್ನಾಕತ್ತೈತಿ,” ಎಂದು ಚಮಚ ಅರ್ಧ ಮಾಡಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ತಜ್ಞರನ್ನು ಸಭೆಗೆ ಕೂರಿಸಿ, ನಿರ್ಧಾರವನ್ನು ಅಜ್ಜಿಯ ಚಮಚಕ್ಕೆ ಬಿಟ್ಟವರು ನಾವಲ್ಲ. ಮಾಯಿ ಗೆಲುವಾದಳು, ರೊಟ್ಟಿ ತಿಂದಳು, ನಕ್ಕಳು. ನಿಂತುಬಿಡುವುದು ಮರಳಿ ಬಂತು.

ಅದು ಕಬ್ಬಿನ ಹಂಗಾಮು. ನಮ್ಮ ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಪ್ರತಿಯೊಂದರ ಮೇಲೂ ಕಿವಿ ಕಿವುಡಾಗುವ ಹಾಡು. ಸಾಲಿ ಬಿಟ್ಟು ಬಂದ ಮಾಯಿ ನನ್ನ ಅಂಗಡಿಗೆ ಬರಲೆಂದು ರಸ್ತೆ ದಾಟುತ್ತಿದ್ದಳು. ನಾನು ಯಾರದೋ ಪಹಣಿ ಝೆರಾಕ್ಸ್ ತೆಗೆಯುತ್ತಿದ್ದೆ. ಹಾರ್ನ್ ಬಿಡದೆ ಕೂಗುವುದು ಕೇಳಿ ತಲೆ ಎತ್ತಿದೆ. ರಸ್ತೆಯ ನಟ್ಟನಡುವೆ ನನ್ನ ಮಗಳು, ಪಾಟಿಚೀಲ ಬೆನ್ನಿಗೆ, ಕಣ್ಣು ಮೇಲೆ. ಟ್ರ್ಯಾಕ್ಟರು ಅವಳ ಕಡೆಗೇ ಬರುತ್ತಿತ್ತು. ನಾನು ಓಡಿದೆ. ನನ್ನ ಕಾಲಿಗೆ ಅಷ್ಟು ದೂರ ಮುಟ್ಟುವುದು ಸಾಧ್ಯವಿರಲಿಲ್ಲ.

ಚಾಲಕ ಸಾತಪ್ಪ ಎಂಬುವನು ಟ್ರ್ಯಾಕ್ಟರನ್ನು ರಸ್ತೆಬದಿಯ ಖಡಿಕಲ್ಲಿನ ರಾಶಿಗೆ ಹೊಡೆದ. ಹಿಂದಿನ ಟ್ರೇಲರ್ ವಾಲಿ ಕಬ್ಬೆಲ್ಲ ರಸ್ತೆಗೆ ಉರುಳಿತು. ಅವನು ಕೆಳಗೆ ಹಾರಿ, “ಏ ಹುಡುಗಿ, ಕಿವಿ ಕೇಳಂಗಿಲ್ಲೇನ?” ಎಂದು ಒದರುತ್ತ ಬಂದವನು ಅವಳ ಮುಖ ನೋಡಿ ಅಲ್ಲೇ ತಡೆದ. “ಏನಾಗೈತ್ರಿ ಈ ಕೂಸಿಗಿ?” ಎಂದು ನನ್ನನ್ನು ಕೇಳಿದ. ನಾನು ಮಗಳನ್ನು ಅಪ್ಪಿಕೊಂಡೆ. ಅಷ್ಟರಲ್ಲಿ ಅವಳು ಮರಳಿ ಬಂದಿದ್ದಳು. ಸುತ್ತಲೂ ನೋಡಿ ಕೇಳಿದಳು: “ಅವ್ವಾ, ಈ ಟ್ರ್ಯಾಕ್ಟರ್ ಇಲ್ಲಿಗಿ ಯಾವಾಗ ಬಂತ?”

ಮಾನ್ಯರೇ, ಈ ಪ್ರಶ್ನೆಗೆ ನಿಮ್ಮ ಪ್ರಗತಿ ವರದಿಯಲ್ಲಿ ಯಾವ ಅಂಕಣ ಇದೆ?

ಮರುವಾರ ಮತ್ತೆ ಆಸ್ಪತ್ರೆಗೆ ಹೋದೆವು. ಮತ್ತೆ ಬಾಗಿಲು ಹಾಕಿತ್ತು, ಮತ್ತೆ ಒಳಗಿನಿಂದ ನಿಮ್ಮ ಧ್ವನಿ. ಬೆಂಚಿನ ಮೇಲೆ ಮೂಡಲಗಿಯಿಂದ ಬಂದವರು, ಹುಕ್ಕೇರಿಯಿಂದ ಬಂದವರು, ಎಲ್ಲರ ತೊಡೆಯ ಮೇಲೂ ಮಕ್ಕಳು. ಮಾವ ಎದ್ದು, ಮಾಯಿಯನ್ನು ಹೆಗಲಿಗೆ ಏರಿಸಿಕೊಂಡು, ಬಾಗಿಲು ನೂಕಿ ಒಳಗೆ ನಡೆದರು. ನಾನು ಹಿಂದೆಯೇ ಓಡಿದೆ. ಪರದೆಯ ತುಂಬ ಚೌಕ ಚೌಕ, ಒಂದೊಂದರಲ್ಲಿ ಒಬ್ಬೊಬ್ಬ ಅಧಿಕಾರಿ, ದೊಡ್ಡ ಚೌಕದಲ್ಲಿ ತಾವು. ಮೂಲೆಯ ಸಣ್ಣದೊಂದು ಚೌಕದಲ್ಲಿ ನಮ್ಮ ತಜ್ಞೆ! ರೋಗಿಗಳನ್ನು ನೋಡಬೇಕಾದ ಹೊತ್ತಿನಲ್ಲಿ, ಎಷ್ಟು ರೋಗಿಗಳನ್ನು ನೋಡಿದಿರಿ ಎಂಬುದಕ್ಕೆ ಉತ್ತರಿಸಲು ಅವರನ್ನೂ ಕೂರಿಸಿದ್ದಿರಿ.

ನನ್ನ ಮಾವ ಕೂಗಾಡಲಿಲ್ಲ. ಕುರಿ ಕಾಯುವವರ ಗಂಟಲು ದೊಡ್ಡದು, ಆದರೂ ಮೆಲ್ಲಗೇ ಹೇಳಿದರು: “ಸಾಯೇಬರ, ನಿಮ್ಮ ಮಾತ ಮುಗದ ಮ್ಯಾಲ ಒಂದೀಟ ಡಾಕ್ಟರಬಾಯಾರಿಗಿ ನಮ್ಮ ಕೂಸಿನ ತೋರಿಸಿಕೊಡ್ರಿ. ಹೋದವಾರ ಟ್ರ್ಯಾಕ್ಟರ್ ಬುಡಕ ಹೋಗೂದ ತಪ್ಪೈತ್ರಿ...”

“ಯಾರ್ರೀ ಅದು? ಯಾರು ಒಳಗೆ ಬಿಟ್ಟಿದ್ದು? ಮ್ಯೂಟ್ ಮಾಡ್ರಿ,” ಅಂದಿರಿ ತಾವು.

ಮ್ಯೂಟ್ ಮಾಡಿದರು. ಮಾವನಿಗೆ ಅದು ಗೊತ್ತಾಗಲಿಲ್ಲ. ಅವರು ಮಾತಾಡುತ್ತಲೇ ಇದ್ದರು. ಮೊಮ್ಮಗಳ ಊಟ, ವಾಂತಿ, ಸಾತಪ್ಪನ ಟ್ರ್ಯಾಕ್ಟರು, ಎಲ್ಲವನ್ನೂ ನಿಮಗೆ ವಿವರಿಸಿ ಹೇಳುತ್ತಿದ್ದರು. ಪರದೆಯ ಮೇಲಿನ ಅಷ್ಟೂ ಮಂದಿ ಅವರ ತುಟಿ ಅಲುಗಾಡುವುದನ್ನು ನೋಡುತ್ತಿದ್ದರು. ಕೆಲವರು ಮೊಬೈಲ್ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು, ನನ್ನ ಬಗ್ಗೆ ಅಲ್ಲ.

ಆಗ ಮೂಲೆಯ ಚೌಕದಿಂದ ದನಿ ಬಂತು. “ಸರ್, ಆ ಮಗು ನನ್ನ ಪೇಷಂಟ್. ಬುಧವಾರದ ಈ ಹೊತ್ತು ಆ ಮಕ್ಕಳದ್ದು.”

“ಮೇಡಂ, ನಿಮ್ಮ ಸರದಿ ಬಂದಾಗ ಮಾತಾಡಿ,” ಅಂದಿರಿ.

“ಸರದಿ ನನ್ನದಲ್ಲ ಸರ್, ಅವಳದು,” ಅಂದರು ತಜ್ಞೆ. ಅವರ ಚೌಕ ಕಪ್ಪಾಯಿತು.

ಸ್ವಲ್ಪ ಹೊತ್ತಿಗೆ ನಮ್ಮ ಡಾಕ್ಟರ ಜೇಬಿನಲ್ಲಿ ಫೋನ್ ರಿಂಗಾಯಿತು. ಔಷಧ ಕೊಡುವ ಕಿಟಕಿಯ ಬಾಜೂ, ಗೋಡೆಗೆ ಒರಗಿಕೊಂಡು, ಆ ಸಣ್ಣ ಮೊಬೈಲಿನಲ್ಲೇ ತಜ್ಞೆ ನನ್ನ ಮಗಳನ್ನು ನೋಡಿದರು. ಕಣ್ಣಿನ ಬಿಳಿ ತೋರಿಸಿ ಅಂದರು, ನಾಲಿಗೆ ತೋರಿಸಿ ಅಂದರು, ಈಗಲೇ ರಕ್ತ ತೆಗೆಯಿರಿ ಅಂದರು. ಅತ್ತೆ ಚಮಚ ಅರ್ಧ ಮಾಡಿದ್ದನ್ನು ಹೇಳಿದೆ. “ಅವರನ್ನ ಬೈಬೇಡಿ. ಆದರೆ ಇನ್ಮೇಲೆ ನನ್ನ ಕೇಳದೆ ಕಡಿಮೆ ಮಾಡಬಾರದು, ಫಿಟ್ಸ್ ಜಾಸ್ತಿ ಆಗುತ್ತೆ,” ಅಂದರು. ಇಲ್ಲಿ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಅವರನ್ನು ಕೇಳುವುದಕ್ಕೇ ನಾವು ಇಷ್ಟು ಬುಧವಾರ ಬಂದದ್ದು.

ರಕ್ತದ ವರದಿ ನೋಡಿಕೊಂಡು ಔಷಧಿಯನ್ನು ಮೆಲ್ಲಮೆಲ್ಲಗೆ ಬದಲಾಯಿಸಿದರು. ಈಗ ಮಾಯಿ ಉಣ್ಣುತ್ತಾಳೆ, ಓದುತ್ತಾಳೆ, ನಿಲ್ಲುವುದಿಲ್ಲ. ಸಾಲಿಯಿಂದ ಹೊಸ ದೂರು ಬಂದಿದೆ: ಹುಡುಗಿ ಕ್ಲಾಸಿನಲ್ಲಿ ಬಾಯಿ ಮುಚ್ಚುವುದೇ ಇಲ್ಲವಂತೆ. ಆ ದೂರನ್ನು ಕೇಳಿ ನನ್ನ ಗಂಡ ಇಡೀ ಮನೆಗೆ ಪೇಡೆ ತಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ. ಆದರೆ ಆಮೇಲೊಂದು ದಿನ ನಮ್ಮ ಡಾಕ್ಟರು ನನ್ನ ಅಂಗಡಿಗೆ ಬಂದರು. ‘ಅನುಮೋದಿತವಲ್ಲದ ಸಾಧನದ ಮೂಲಕ ತಜ್ಞರ ಸಲಹೆ ಪಡೆದಿರುವುದು ಹಾಗೂ ಸಭೆಯ ಘನತೆಗೆ ಧಕ್ಕೆ ತಂದಿರುವುದು’ ಎಂಬ ಕಾರಣಕ್ಕೆ ತಮ್ಮ ಕಚೇರಿಯಿಂದ ಅವರಿಗೆ ನೋಟಿಸು. ಅದಕ್ಕೆ ಉತ್ತರ ಟೈಪ್ ಮಾಡಿಸಬೇಕಿತ್ತು. ಅವರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಕೊನೆಗೆ, “ನಡೆದ ಘಟನೆಗೆ ವಿಷಾದಿಸುತ್ತೇನೆ, ಅಂತ ಹಾಕ್ರಿ,” ಅಂದರು. ನನ್ನ ಬೆರಳು ಏಳಲಿಲ್ಲ.

“ಯಾತಕ್ಕ ವಿಷಾದ ರಿ?” ಅಂದೆ. “ನಮ್ಮ ಮಾಯಿ ಉಳದಿದ್ದಕ್ಕೇನ್ರಿ?”

ಅವರು ಕುರ್ಚಿ ಎಳೆದು ಟೈಪಾದ ಸಾಲುಗಳನ್ನು ಓದಿಕೊಂಡರು. ಆಮೇಲೆ, “ಬಿಡ್ರಿ, ಆ ಸಾಲ ಬ್ಯಾಡ,” ಎಂದು ಸಹಿ ಹಾಕಿದರು. ಆ ಉತ್ತರ ಈಗ ನಿಮ್ಮ ಮೇಜಿನ ಮೇಲಿರಬೇಕು. ಅದರಲ್ಲಿ ವಿಷಾದ ಯಾಕಿಲ್ಲ ಎಂದು ತಾವು ಹುಡುಕುತ್ತಿದ್ದರೆ, ಇದೋ, ಕಾರಣ ಹೇಳಿದ್ದೇನೆ.

ಸಭೆ ಬೇಡವೆಂದು ನಾನು ಹೇಳುತ್ತಿಲ್ಲ. ಸಭೆಗಳಿಲ್ಲದೆ ಅಧಿಕಾರಿಗಳು ಹೇಗೆ ಬದುಕಬೇಕು? ಮೂಡಲಗಿಗೊಬ್ಬ, ಹುಕ್ಕೇರಿಗೊಬ್ಬ ನರರೋಗ ತಜ್ಞರನ್ನು ತಂದು ಕೂರಿಸಿರಿ ಎಂದು ಹಟವನ್ನೂ ಹಿಡಿಯುತ್ತಿಲ್ಲ. ಅದು ಆಗದ ಮಾತೆಂದೇ ನೀವು ಪರದೆ ಹಾಕಿಸಿದ್ದು, ಅದು ಜಾಣತನದ ಕೆಲಸ, ಒಪ್ಪಿದೆ. ಆದರೆ ನೂರಾರು ಮೈಲಿಯ ಅಂತರವನ್ನು ಅಳಿಸಿಹಾಕಿದ ನೀವು, ಬೆಂಚಿಗೂ ಬಾಗಿಲಿಗೂ ನಡುವಿನ ನಾಲ್ಕು ಹೆಜ್ಜೆಯನ್ನು ಯಾಕೆ ಹಾಗೇ ಉಳಿಸಿಕೊಂಡಿದ್ದೀರಿ? ನಿಮ್ಮ ಕಚೇರಿಯಲ್ಲಿ ಪರದೆಗಳಿಲ್ಲವೇ? ನಿಮ್ಮ ಜೇಬಿನಲ್ಲಿ ಫೋನಿಲ್ಲವೇ? ಅಥವಾ ಗುರುವಾರ ಎಂಬ ವಾರವೊಂದಿರುವುದು ಇಲಾಖೆಯ ಗಮನಕ್ಕೆ ಇನ್ನೂ ಬಂದಿಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ಬುಧವಾರ ಮುಂಜಾನೆ ಆ ಪರದೆಯ ಮೇಲೆ ಮಕ್ಕಳ ತಜ್ಞರ ಹೊರತು ಯಾರೂ ಬರಕೂಡದು ಎಂದು ಲಿಖಿತ ಆದೇಶ ಮಾಡಿ, ತಾವು ಕೂಡ ಬರಕೂಡದು ಎಂದು ಅದರಲ್ಲೇ ಸೇರಿಸಿ. ಪರದೆ ಕೈಕೊಟ್ಟ ದಿನ ಫೋನಿನಲ್ಲಿ ನೋಡಿದರೆ ತಪ್ಪಲ್ಲ ಎಂದು ಆ ಸುತ್ತೋಲೆಯನ್ನು ತಿದ್ದಿ. ನಮ್ಮ ಡಾಕ್ಟರಿಗೆ ಕೊಟ್ಟ ನೋಟಿಸನ್ನು ವಾಪಸ್ ಪಡೆಯಿರಿ. ತಜ್ಞೆಗೂ ಅಂಥದ್ದೇನಾದರೂ ಕಳಿಸಿದ್ದರೆ ಅದನ್ನೂ.

ಹೋದ ಬುಧವಾರ ಮಾಯಿಯ ತಪಾಸಣೆಗೆಂದು ಹೋಗಿದ್ದೆ. ಬಾಗಿಲು ಹಾಕಿತ್ತು. ಬೆಂಚಿನ ಮೇಲೆ ಧುಪದಾಳದ ಯಲ್ಲವ್ವ ಎಂಬಾಕೆ ಹಸುಗೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅತ್ತಾಗೆಲ್ಲ ಕೂಸಿನ ತುಟಿ ನೀಲಿಯಾಗುತ್ತದಂತೆ. ಹೃದಯದ ತಜ್ಞರಿಗೆ ಪರದೆಯ ಮೇಲೆ ತೋರಿಸಲು ಹೇಳಿದ್ದಾರಂತೆ. ಅದು ಅಳದಿರಲೆಂದು ಅವಳು ತೂಗುತ್ತಲೇ ಇದ್ದಳು. ನನ್ನನ್ನು ನೋಡಿ, “ಅಕ್ಕಾ, ಟಿವಿ ಡಾಕ್ಟರ್ ಇವತ್ತರ ಬರ್ತಾರೇನ್ರಿ?” ಎಂದು ಕೇಳಿದಳು. ಇಷ್ಟು ಜನರ ಅರ್ಜಿ ಬರೆದುಕೊಟ್ಟ ನನಗೆ ಅವಳಿಗೆ ಕೊಡಲು ಒಂದು ಉತ್ತರ ಸಿಗಲಿಲ್ಲ.

ಈ ಪತ್ರಕ್ಕೆ ತಾವು ನನಗೆ ಉತ್ತರ ಬರೆಯಬೇಕಾಗಿಲ್ಲ. ಯಲ್ಲವ್ವನಿಗೆ ಕೊಡಿ. ಅವಳಿಗೆ ಓದಲು ಬರುವುದಿಲ್ಲ, ಆದ್ದರಿಂದ ಕಾಗದ ಬೇಡ. ಬಾಗಿಲು ತೆರೆದರೆ ಸಾಕು.

ಇಂತಿ,
ಮಗಳು ಗುಣವಾದರೂ ಆ ಬೆಂಚು ಬಿಟ್ಟು ಏಳಲಾಗದ,
ಮಾಯವ್ವನ ತಾಯಿ ವಿದ್ಯಾ
ಬೆಲ್ಲದ ಬಾಗೇವಾಡಿ